ತೆಲುಗು ಕಿವಿಯಿಂದ ಕಲಿಯೋದು ಹೇಗೆ? ಚಳ್ಳಕೆರೆ ಮಂಡಿ ಕೆಲಸ, ದಿನಕ್ಕೆ 40 ನಿಮಿಷ, 3 ತಿಂಗಳು

ಶೇಂಗಾಲೆಕ್ಕ, ಚಳ್ಳಕೆರೆ

ಮಂಡಿಯಲ್ಲಿ ತೂಕ, ಚೀಟಿ, ಲೆಕ್ಕದ ಕೆಲಸ. ಕಲ್ಯಾಣದುರ್ಗ, ರಾಯದುರ್ಗದ ಕಡೆಯಿಂದ ಶೇಂಗಾ ತರುವ ರೈತರಲ್ಲಿ ವಯಸ್ಸಾದವರು ತೆಲುಗು ಬಿಟ್ಟು ಬೇರೆ ಆಡುವುದಿಲ್ಲ. ಅವರ ಮಾತು ಅರ್ಧ ತಿಳಿದಂತೆ ಆಗುತ್ತೆ, ಆದರೆ ತಿಳಿದದ್ದು ಸರಿಯೋ ತಪ್ಪೋ ಅನ್ನೋದು ಗೊತ್ತಾಗಲ್ಲ. ದುಡ್ಡಿನ ವ್ಯವಹಾರದಲ್ಲಿ ಅದು ಸಾಲದು. ವ್ಯಾಕರಣದ ಪುಸ್ತಕ ಹಿಡಿದು ಕೂರುವಷ್ಟು ಬಿಡುವಿಲ್ಲ. ದಿನಕ್ಕೆ 40 ನಿಮಿಷ ಗ್ಯಾರಂಟಿ ಕೊಡಬಹುದು, ಕೈಯಲ್ಲಿರೋದು 3 ತಿಂಗಳು.

ಕೇಳಬೇಕಾದ್ದು ಇಷ್ಟು. ಮೊದಲು ಬರೀ ಕೇಳಿಸಿಕೊಳ್ಳಬೇಕೋ, ಅಥವಾ ಮೊದಲ ದಿನದಿಂದಲೇ ಮಾತಾಡಬೇಕೋ? ಏನನ್ನ ಕೇಳಬೇಕು, ಸಿನಿಮಾನೋ ಸುದ್ದಿನೋ? ಲಿಪಿ ಕಲಿಯೋದು ಅಗತ್ಯವೇ? ಇನ್ನೊಂದು ದೊಡ್ಡ ತೊಡಕು: ತೆಲುಗಿನಲ್ಲಿ ಒಂದು ಮಾತು ತಡವರಿಸಿದರೆ ಸಾಕು, ಕನ್ನಡ ಬರುವವರೆಲ್ಲ ತಕ್ಷಣ ಕನ್ನಡಕ್ಕೆ ಹೊರಳಿಬಿಡ್ತಾರೆ. ಅದಕ್ಕೇನು ಉಪಾಯ?


ಗಡಿಸೀಮೆ, ಮೊಳಕಾಲ್ಮೂರು

ಕನ್ನಡದವರಿಗೆ ತೆಲುಗು ಕಷ್ಟದ ಭಾಷೆಯಲ್ಲ. ಆದರೆ ಸುಲಭ ಅನ್ನಿಸುವ ಜಾಗದಲ್ಲೇ ಕಾಲು ಜಾರೋದು. ನೀವು ಹೇಳಿದ "ಅರ್ಧ ತಿಳಿದಂತೆ ಆಗುತ್ತೆ" ಅನ್ನೋದರ ಗುಟ್ಟೂ ಇದೇ.

ಮೊದಲು ಸುಲಭದ ಕಡೆ. ವಾಕ್ಯದ ಕಟ್ಟು ಹೆಚ್ಚುಕಡಿಮೆ ನಮ್ಮದೇ. "ನಿನ್ನ ವಚ್ಚಿನ ರೈತು ರೇಪು ಮಳ್ಳೀ ವಸ್ತಾಡು" ಅಂದರೆ "ನಿನ್ನೆ ಬಂದ ರೈತ ನಾಳೆ ಮತ್ತೆ ಬರ್ತಾನೆ". ಒಂದು ಪದ ತೆಗೆದು ಅದೇ ಜಾಗಕ್ಕೆ ಇನ್ನೊಂದು ಇಟ್ಟರೆ ವಾಕ್ಯ ಮುಗೀತು. ಅದಕ್ಕೇ ವ್ಯಾಕರಣಕ್ಕೆ ಹೆದರಬೇಡಿ. ತೆಲುಗಿಗೆ 44 ವಾರ, 1,100 ತರಗತಿ ಗಂಟೆ ಬೇಕು ಅಂತ ಅಲ್ಲಲ್ಲಿ ಓದಿರಬಹುದು. ಅದು ಅಮೆರಿಕದ ವಿದೇಶಾಂಗ ಸೇವೆಯವರು ಇಂಗ್ಲಿಷ್ ಮಾತೃಭಾಷೆಯವರಿಗೆ ಹಾಕಿದ ಲೆಕ್ಕ. ಕ್ರಿಯಾಪದ ಕೊನೆಗೆ ಬರುವುದು, ಹೆಸರಿಗೆ ವಿಭಕ್ತಿ ಅಂಟುವುದು ಹುಟ್ಟಿನಿಂದಲೇ ಗೊತ್ತಿರುವ ನಮಗೆ ಆ ಲೆಕ್ಕ ಹೊಂದುವುದಿಲ್ಲ.

ಕಿವಿಗೆ ಕಲಿಸಬೇಕಾದ್ದು ಧ್ವನಿಯ ಅದಲುಬದಲು. ನಮ್ಮಲ್ಲಿ ಹ ಆದದ್ದು ಅವರಲ್ಲಿ ಪ ಆಗಿಯೇ ಉಳಿದಿದೆ: ಹಾಲು ಪಾಲು, ಹುಲಿ ಪುಲಿ, ಹಾವು ಪಾಮು, ಹಗಲು ಪಗಲು, ಹೊಗೆ ಪೊಗ, ಹೊಲ ಪೊಲಂ. ಶೇಂಗಾ ಹೊಟ್ಟು ಅವರ ಬಾಯಲ್ಲಿ ಪೊಟ್ಟು. ನಮ್ಮ ಬ ಅಲ್ಲಿ ವ: ಬೇರು ವೇರು, ಬೆಣ್ಣೆ ವೆನ್ನ, ಬೇವು ವೇಪ, ಬಿತ್ತು ವಿತ್ತು. ಇ, ಎ ಸ್ವರದ ಮುಂದೆ ನಮ್ಮ ಕ ಅಲ್ಲಿ ಚ ಆಗುತ್ತೆ: ಕಿವಿ ಚೆವಿ, ಕೈ ಚೆಯ್ಯಿ, ಕೆರೆ ಚೆರುವು. ನಮ್ಮ ಸ ಎಷ್ಟೋ ಕಡೆ ಅವರಿಗೆ ಚ: ಸೇರು ಚೇರು, ಸುತ್ತು ಚುಟ್ಟು, ಸಾಲದು ಚಾಲದು. ಏಳು ಏಡು, ಕೋಳಿ ಕೋಡಿ, ಇಲ್ಲಿ ಳ ಹೋಗಿ ಡ. ಪದದ ಮೊದಲ ಸ್ವರ ಜಾಗ ಬದಲಿಸುವುದೂ ಉಂಟು: ಎರಡು ರೆಂಡು, ಅವನು ವಾಡು, ಇವನು ವೀಡು, ಒರಳು ರೋಲು. ಇಷ್ಟು ಜೋಡಿಗಳನ್ನ ಒಂದು ವಾರ ಬಾಯಿಪಾಠ ಮಾಡಬೇಡಿ, ಬದಲಿಗೆ ಬೇರೆಯವರು ಮಾತಾಡುವಾಗ ಬೇಟೆಯಾಡಿ. ಒಂದು ಹೊಸ ಪದ ಕಿವಿಗೆ ಬಿದ್ದಾಗ "ಪ ತೆಗೆದು ಹ ಇಟ್ಟರೆ ಏನಾಗುತ್ತೆ" ಅಂತ ಒಂದು ಕ್ಷಣ ನೋಡಿದರೆ ಎಷ್ಟೋ ಪದಗಳು ತಾವೇ ಬಿಚ್ಚಿಕೊಳ್ಳುತ್ತವೆ.

ಇನ್ನು ಜಾರುವ ಕಡೆ. ಕನ್ನಡದಂತೆ ಕೇಳಿಸಿ ಬೇರೆ ಅರ್ಥ ಕೊಡುವ ಪದಗಳು. ಮಂಡಿಯಲ್ಲಿ ಇವೇ ನಿಜವಾದ ಅಪಾಯ, ಅಪಾಯದ ಕ್ರಮದಲ್ಲೇ ಹೇಳ್ತೇನೆ.

"ಶೆನಗಲು" ಅಂದರೆ ಕಡಲೆ, ನಮ್ಮ ಶೇಂಗಾ ಅಲ್ಲ. ಶೇಂಗಾಕ್ಕೆ ಪುಸ್ತಕದ ತೆಲುಗಿನಲ್ಲಿ "ವೇರುಶೆನಗ", ಅನಂತಪುರದ ಬಾಯಲ್ಲಿ "ಶೆನಕ್ಕಾಯಲು", "ಚೆನಕ್ಕಾಯಲು". "ಕಾಯಲು" ಅನ್ನೋ ಬಾಲ ಇದೆಯೋ ಇಲ್ಲವೋ ಅಂತ ಕೇಳಿ ನೋಡಿ, ಸರಕು ಯಾವುದು ಅನ್ನೋದು ಅಲ್ಲಿ ತೀರ್ಮಾನ.

"ಮಾರು" ಅಂದರೆ ಬದಲಾಗು. "ರೇಟು ಮಾರಿಂದಿ" ಅಂದರೆ ರೇಟು ಬದಲಾಯ್ತು, ಮಾರಾಟ ಆಯ್ತು ಅಂತಲ್ಲ. ಮಾರುವುದಕ್ಕೆ "ಅಮ್ಮು", ಕೊಳ್ಳುವುದಕ್ಕೆ "ಕೊನು".

"ಕೊಟ್ಟು" ಅಂದರೆ ಹೊಡೆ. ಕೊಡುವುದಕ್ಕೆ "ಇವ್ವು", ಕೊಟ್ಟೆ ಅನ್ನೋದಕ್ಕೆ "ಇಚ್ಚಾನು". "ಡಬ್ಬುಲು ಕೊಟ್ಟಾನು" ಅಂತ ಕನ್ನಡದ ಅಂದಾಜಿನಲ್ಲಿ ಹೇಳಿಬಿಟ್ಟರೆ ದುಡ್ಡು ಹೊಡೆದೆ ಅನ್ನುವ ಕಡೆಗೆ ಹೋಗುತ್ತೆ.

"ಚಾಲು" ಅಂದರೆ ಸಾಕು. ನಮ್ಮಲ್ಲಿ "ಚಾಲು ಮಾಡು" ಅಂದರೆ ಶುರು ಮಾಡು. ತಕ್ಕಡಿಗೆ ಕಾಯಿ ಸುರಿಯುವಾಗ ಅವರು "ಚಾಲು, ಚಾಲು" ಅಂದರೆ ನಿಲ್ಲಿಸಿ ಅಂತ ಅರ್ಥ. ಹೇಳುವಾಗ ಈ ಚ ನಮ್ಮ ಚ ಅಲ್ಲ, ತ ಮತ್ತು ಸ ಕೂಡಿದ ಹಾಗೆ "ತ್ಸಾಲು" ಅಂತ ಕೇಳಿಸುತ್ತೆ. ಅ, ಉ, ಒ ಸ್ವರಗಳ ಮುಂದೆ ಬರುವ ಚ ಹೀಗೆ. ಹಳ್ಳಿ ಮಾತಿನಲ್ಲಿ ಅದೇ ಸ ಆಗಿ "ಸಾಲು", "ಚೂಡು" ಅನ್ನೋದು "ಸೂಡು".

"ಅವುನು" ಅಂದರೆ ಹೌದು, ಅವನು ಅಲ್ಲ. "ಇಲ್ಲು" ಅಂದರೆ ಮನೆ. ಇಲ್ಲ ಅನ್ನೋದಕ್ಕೆ "ಲೇದು", ಅಲ್ಲ ಅನ್ನೋದಕ್ಕೆ "ಕಾದು", ಬೇಡಕ್ಕೆ "ವದ್ದು", ಆಗಲ್ಲ ಅನ್ನೋದಕ್ಕೆ "ಕುದರದು". ಈ ನಾಲ್ಕನ್ನ ಮೊದಲ ವಾರವೇ ಕಿವಿಗೆ ಕೂರಿಸಿಕೊಳ್ಳಿ. ವ್ಯವಹಾರದಲ್ಲಿ ಒಪ್ಪಿಗೆಗಿಂತ ನಿರಾಕರಣೆ ತಪ್ಪಾಗಿ ಕೇಳಿಸಿದರೆ ನಷ್ಟ ಜಾಸ್ತಿ. "ಅಪ್ಪು" ಅಂದರೆ ಸಾಲ. "ಮಾಟ" ಅಂದರೆ ಮಾತು, "ಒಕ ಮಾಟ" ಅಂದಾಗ ಗಾಬರಿ ಬೇಡ. "ಎಂಡ" ಅಂದರೆ ಬಿಸಿಲು. "ಅನ್ನಾ" ಅಂತ ಕರೆದರೆ ಅಣ್ಣಾ, ಯಾಕೆಂದರೆ ದೇಸಿ ಪದಗಳಲ್ಲಿ ಅವರಿಗೆ ಣ ಇಲ್ಲ, ಕಣ್ಣು ಅವರಿಗೆ "ಕನ್ನು".

ನಮ್ಮ ಒಂದು "ಕೇಳು" ಅಲ್ಲಿ ಎರಡಾಗಿ ಒಡೆಯುತ್ತೆ: ಕಿವಿಯಿಂದ ಕೇಳುವುದು "ವಿನು", ಬಾಯಿಂದ ಕೇಳುವುದು "ಅಡುಗು". "ರೇಟು ಅಡಿಗಾಡು" ಅಂದರೆ ರೇಟು ವಿಚಾರಿಸಿದ. ಅಡಗಿದ ಅಂತ ಅರ್ಥ ಮಾಡಿಕೊಂಡರೆ ಮುಂದಿನ ಮಾತೆಲ್ಲ ಹಳಿ ತಪ್ಪುತ್ತೆ. ಹಾಗೇ ನಮ್ಮ "ನಾವು" ಕೂಡ ಎರಡು. ಎದುರಿನವರನ್ನೂ ಸೇರಿಸಿದರೆ "ಮನಂ", ಬಿಟ್ಟರೆ "ಮೇಮು". "ಮನ ಲೆಕ್ಕ" ಅಂದರೆ ನಿಮ್ಮದೂ ನಮ್ಮದೂ ಸೇರಿದ ಲೆಕ್ಕ, "ಮಾ ಲೆಕ್ಕ" ಅಂದರೆ ಅವರ ಕಡೆಯದು ಮಾತ್ರ. ಚೌಕಾಸಿಯಲ್ಲಿ ಯಾರು ಯಾವಾಗ "ಮಾ" ಬಿಟ್ಟು "ಮನ"ಕ್ಕೆ ಬಂದರು ಅಂತ ಗಮನಿಸಿ, ಒಪ್ಪಂದ ಹತ್ತಿರ ಬಂತು ಅನ್ನೋದು ಅಲ್ಲೇ ಗೊತ್ತಾಗುತ್ತೆ.


ನಿತ್ಯಪಾಠ, ದಾವಣಗೆರೆ

ಮೇಲಿನವರು ಏನನ್ನ ಕೇಳಿಸಿಕೊಳ್ಳಬೇಕು ಅಂತ ಹೇಳಿದರು. 40 ನಿಮಿಷ ಹೇಗೆ ಹಂಚಬೇಕು ಅನ್ನೋದು ನನ್ನ ಪಾಲು.

ಬೆಳಿಗ್ಗೆ 20 ನಿಮಿಷ ಒಂದೇ ಧ್ವನಿ ತುಣುಕಿಗೆ, ಮಂಡಿಯಲ್ಲಿ 10 ನಿಮಿಷ ಮಾತಿಗೆ, ರಾತ್ರಿ 10 ನಿಮಿಷ ನೆನಪಿಗೆ. ಬೆಳಗಿನ 20 ನಿಮಿಷವನ್ನ ಒಡೆಯಬೇಡಿ.

ತುಣುಕು 60ರಿಂದ 90 ಸೆಕೆಂಡು ಇರಲಿ, ಅದಕ್ಕಿಂತ ಉದ್ದ ಬೇಡ. ಒಬ್ಬರೇ ಮಾತಾಡಿರಬೇಕು. ನಿಮಗೆ ವಿಷಯ ಮೊದಲೇ ಗೊತ್ತಿರಬೇಕು. ಬಿತ್ತನೆಯಿಂದ ಹಿಡಿದು ಕಾಯಿ ಬಿಡಿಸಿ ಮಂಡಿಗೆ ತರುವವರೆಗೆ ಏನೇನು ಮಾಡ್ತಾರೆ ಅಂತ ತೆಲುಗು ಮನೆಮಾತಿನ ಒಬ್ಬ ಹಿರಿಯರನ್ನ ಕೇಳಿ, ಅನುಮತಿ ಪಡೆದು ಮೊಬೈಲಲ್ಲಿ ಧ್ವನಿಮುದ್ರಿಸಿಕೊಳ್ಳಿ. ಫೋನು ಬಾಯಿಂದ ಒಂದು ಗೇಣು ದೂರ ಇರಲಿ, ಫ್ಯಾನು ಬಂದ್ ಮಾಡಿ, ಲಾರಿ ನಿಂತಿರುವ ಕಡೆ ಬೇಡ. ಐದು ನಿಮಿಷ ಮಾತಾಡಿದರೆ ಮೂರ್ನಾಲ್ಕು ತುಣುಕು ಸಿಗುತ್ತವೆ.

ಒಂದು ತುಣುಕಿಗೆ ಐದು ದಿನ. ಮೊದಲ ದಿನ ನಿಲ್ಲಿಸದೆ ಮೂರು ಸಲ ಕೇಳಿ, ಆಮೇಲೆ ಕೇಳಿಸಿದ್ದನ್ನ ಕನ್ನಡ ಅಕ್ಷರದಲ್ಲೇ ಬರೆಯಿರಿ. ತಿಳಿಯದ ಕಡೆ ಗೆರೆ ಎಳೆದು ಬಿಡಿ, ಊಹಿಸಿ ತುಂಬಬೇಡಿ. ಎರಡನೇ ದಿನ ವಾಕ್ಯ ವಾಕ್ಯಕ್ಕೆ ನಿಲ್ಲಿಸಿ ಗೆರೆಗಳನ್ನ ಕಡಿಮೆ ಮಾಡಿ. ಮೂರನೇ ದಿನ ಉಳಿದ ಗೆರೆಗಳನ್ನ ತೆಲುಗು ಬಲ್ಲವರ ಹತ್ತಿರ ತುಂಬಿಸಿಕೊಳ್ಳಿ. ನಾಲ್ಕನೇ ದಿನ ಇಯರ್‌ಫೋನ್ ಹಾಕಿಕೊಂಡು, ಧ್ವನಿಯ ಅರ್ಧ ಸೆಕೆಂಡು ಹಿಂದೆ, ಅದರ ನೆರಳಿನ ಹಾಗೆ ಜೊತೆಜೊತೆಗೇ ಹೇಳುತ್ತಾ ಹೋಗಿ. ಅರ್ಥ ಯೋಚಿಸಬೇಡಿ, ಎಲ್ಲಿ ಉಸಿರು ಎಳೆದರು, ಎಲ್ಲಿ ದನಿ ಏರಿತು ಅನ್ನೋದನ್ನ ಹಿಡಿಯಿರಿ. ಐದನೇ ದಿನ ಕೇಳದೆ ನಿಮ್ಮದೇ ಮಾತಲ್ಲಿ ಅದೇ ವಿಷಯ ಹೇಳಿ, ರೆಕಾರ್ಡ್ ಮಾಡಿ, ಮೂಲದ ಪಕ್ಕ ಇಟ್ಟು ಕೇಳಿ. 90 ದಿನಕ್ಕೆ 18 ತುಣುಕು ಆಯ್ತು. ಕಡಿಮೆ ಅನ್ನಿಸಬಹುದು. ಆದರೆ 18 ತುಣುಕು ಪೂರ್ತಿ ಕಿವಿಗೆ ಇಳಿದವರು, 180 ವಿಡಿಯೋ ನೋಡಿದವರಿಗಿಂತ ಮಂಡಿಯಲ್ಲಿ ಮುಂದಿರ್ತಾರೆ.

ತಪ್ಪುವುದು ಎಲ್ಲಿ? ಮೊದಲ ದಿನ ಹತ್ತು ಪದಕ್ಕೆ ನಾಲ್ಕೈದು ಗೆರೆ ಬಿದ್ದರೆ ಆ ತುಣುಕು ನಿಮಗೆ ಇನ್ನೂ ಭಾರ, ಬದಿಗಿಟ್ಟು ಹಗುರವಾದ್ದು ತಗೊಳ್ಳಿ. ಒಂದೂ ಗೆರೆ ಇಲ್ಲದಿದ್ದರೆ ಅದರಿಂದ ಕಲಿಯೋದು ಏನೂ ಇಲ್ಲ. ವೇಗ ತಗ್ಗಿಸಿ ಕೇಳುವ ಚಾಳಿ ಬೇಡ. ನಿಧಾನ ಮಾಡಿದಾಗ "ತ್ಸ" ಥರದ ಧ್ವನಿಗಳು ಚೆದುರಿಹೋಗುತ್ತವೆ, ಮಾತಿನ ಲಯ ಸಿಗೋದಿಲ್ಲ. ವೇಗ ಹಾಗೇ ಇಟ್ಟು ನಿಲ್ಲಿಸಿ ನಿಲ್ಲಿಸಿ ಕೇಳೋದು ಮೇಲು. ಸಬ್‌ಟೈಟಲ್ ಇರುವ ವಿಡಿಯೋದಲ್ಲಿ ಕಣ್ಣು ಓದುತ್ತೆ, ಕಿವಿ ಮಲಗುತ್ತೆ. ಕೆಲಸ ಮಾಡುತ್ತಾ ಹಿನ್ನೆಲೆಯಲ್ಲಿ ತೆಲುಗು ಹಾಕಿಕೊಳ್ಳೋದು ರಾಗಕ್ಕೆ ಕಿವಿ ಒಗ್ಗಲು ಸರಿ, ಆ 40 ನಿಮಿಷದ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ.

ರಾತ್ರಿಯ 10 ನಿಮಿಷಕ್ಕೆ ಭಾಷಾ ಕಲಿಕೆಯ ಸಂಶೋಧಕ ಪಾಲ್ ಪಿಮ್ಸ್ಲರ್ 1967ರಲ್ಲಿ ಮುಂದಿಟ್ಟ ಅಂತರಗಳು ಇವತ್ತಿಗೂ ಕೆಲಸಕ್ಕೆ ಬರುತ್ತವೆ. ಹೊಸ ಮಾತನ್ನ ನೆನಪಿಂದ ತೆಗೆಯೋದು 5 ಸೆಕೆಂಡಿಗೆ, 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ, 1 ಗಂಟೆಗೆ, 5 ಗಂಟೆಗೆ, ಮರುದಿನ, 5 ದಿನಕ್ಕೆ, 25 ದಿನಕ್ಕೆ. ಪ್ರತಿ ಸಲ ಅಂತರ ಸುಮಾರು ಐದು ಪಟ್ಟು. ಇದನ್ನ ಗಡಿಯಾರ ಹಿಡಿದು ಮಾಡಬೇಕಿಲ್ಲ. ರಾತ್ರಿ ಕಲಿತ ಐದು ವಾಕ್ಯ ಮರುದಿನ ಬೆಳಿಗ್ಗೆ, ಐದನೇ ದಿನ, ತಿಂಗಳ ಕೊನೆಗೆ ಒಂದೊಂದು ಸಲ ಬಾಯಿಗೆ ಬಂದರೆ ಸಾಕು. ಬಿಡಿ ಪದ ಬರೆದಿಡಬೇಡಿ, ವಾಕ್ಯ ಬರೆದಿಡಿ. "ಇಸ್ತಾಮು" ಅಂತ ಬರೆದರೆ ಮರೆಯುತ್ತೆ, "ಡಬ್ಬುಲು ರೇಪು ಇಸ್ತಾಮು", ದುಡ್ಡು ನಾಳೆ ಕೊಡ್ತೀವಿ, ಇದು ಮರೆಯೋದಿಲ್ಲ.

ಎದುರಿನವರು ಕನ್ನಡಕ್ಕೆ ಹೊರಳುವ ಬಗ್ಗೆ: ಮೊದಲ ತಿಂಗಳು ಅದರ ಜೊತೆ ಗುದ್ದಾಡಬೇಡಿ, ಅದನ್ನೇ ಬಳಸಿಕೊಳ್ಳಿ. ಎರಡೂ ಬರುವ ಒಬ್ಬರ ಹತ್ತಿರ ಕರಾರು ಮಾಡಿಕೊಳ್ಳಿ: ಅವರು ತೆಲುಗಿನಲ್ಲೇ ಆಡಬೇಕು, ನೀವು ಕನ್ನಡದಲ್ಲೇ ಉತ್ತರ ಕೊಡ್ತೀರಿ. ಮಾತು ಕಡಿಯುವುದಿಲ್ಲ, ಮುಜುಗರ ಇಲ್ಲ, ನಿಮ್ಮ ಕಿವಿಗೆ 10 ನಿಮಿಷ ಶುದ್ಧ ತೆಲುಗು ಸಿಗುತ್ತೆ. ಎರಡನೇ ತಿಂಗಳಿಂದ ಉತ್ತರವೂ ತೆಲುಗಿನಲ್ಲಿ. ಜಾಗ, ಸಮಯ, ವಿಷಯ ಮೊದಲೇ ಗೊತ್ತುಮಾಡಿ: ಮಧ್ಯಾಹ್ನದ ಚಹಾ, 10 ನಿಮಿಷ, ಇವತ್ತಿನ ಆವಕ. "ತೆಲುಗಲ್ಲಿ ಮಾತಾಡಿ" ಅಂತ ಬರೀ ಕೇಳಿಕೊಂಡರೆ ಎರಡನೇ ವಾಕ್ಯಕ್ಕೇ ಕನ್ನಡ ಬರುತ್ತೆ. ವಿಷಯ ಇಲ್ಲದ ಮಾತು ಯಾವ ಭಾಷೆಯಲ್ಲೂ ನಿಲ್ಲೋದಿಲ್ಲ.


ಊರಬಾಗಿಲು, ಹಿರಿಯೂರು

ಒಂದು ತಿಂಗಳು ಕನ್ನಡದಲ್ಲೇ ಉತ್ತರ ಕೊಡಿ ಅನ್ನೋದನ್ನ ಪೂರ್ತಿ ಒಪ್ಪಲ್ಲ. ಕಿವಿ ಮೊದಲು, ನಿಜ. ಆದರೆ ಮಾತನ್ನ ಹಿಡಿದು ನಿಲ್ಲಿಸುವ ಏಳೆಂಟು ವಾಕ್ಯ ಮೊದಲ ದಿನದಿಂದಲೇ ಬಾಯಲ್ಲಿರಬೇಕು. ಇಲ್ಲದಿದ್ದರೆ ತಿಳಿಯದ ಕಡೆ ತಲೆ ಆಡಿಸುವ ರೂಢಿ ಬೀಳುತ್ತೆ, ಆ ರೂಢಿ ಬಿಡಿಸೋದು ಬಹಳ ಕಷ್ಟ.

"ಮಳ್ಳೀ ಚೆಪ್ಪಂಡಿ", ಇನ್ನೊಮ್ಮೆ ಹೇಳಿ. "ಮೆಲ್ಲಗಾ ಚೆಪ್ಪಂಡಿ", ನಿಧಾನ ಹೇಳಿ. "ಅಂಟೇ?", ಅಂದ್ರೆ? "ದೀನ್ನಿ ತೆಲುಗುಲೋ ಏಮಂಟಾರು?", ಇದಕ್ಕೆ ತೆಲುಗಲ್ಲಿ ಏನಂತಾರೆ? "ನಾಕು ಅರ್ಥಂ ಕಾಲೇದು", ನನಗೆ ಅರ್ಥ ಆಗಲಿಲ್ಲ. "ನೇನು ಚೆಪ್ಪಿಂದಿ ಸರೇನಾ?", ನಾನು ಹೇಳಿದ್ದು ಸರೀನಾ? "ನಾಕು ಕೊಂಚೆಂ ಕೊಂಚೆಂ ತೆಲುಗು ವಚ್ಚು", ಸ್ವಲ್ಪ ಸ್ವಲ್ಪ ತೆಲುಗು ಬರುತ್ತೆ. ಇವುಗಳಲ್ಲಿ "ಅಂಟೇ?" ಅನ್ನೋದಕ್ಕೆ ಬೆಲೆ ಕಟ್ಟೋಕಾಗಲ್ಲ. ಎರಡೇ ಅಕ್ಷರ, ಕೇಳಿದ ಕೂಡಲೇ ಎದುರಿನವರು ಅದನ್ನೇ ಇನ್ನೂ ಸುಲಭದ ತೆಲುಗಿನಲ್ಲಿ ಬಿಡಿಸಿ ಹೇಳ್ತಾರೆ. ನೀವು ಕನ್ನಡದಲ್ಲಿ "ಏನು?" ಅಂದರೆ ಕನ್ನಡಕ್ಕೆ ಹೊರಳುತ್ತಾರೆ, "ಅಂಟೇ?" ಅಂದರೆ ತೆಲುಗಿನಲ್ಲೇ ಉಳಿಯುತ್ತಾರೆ. ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಪರಿಹಾರ ಇಲ್ಲೇ ಇದೆ.

ಲಿಪಿ ಆರು ವಾರ ಆದ ಮೇಲೆ ಸಾಕು. ಕನ್ನಡ ತೆಲುಗು ಎರಡೂ ಒಂದೇ ಲಿಪಿಯಿಂದ ಕವಲಾದವು. ನಮ್ಮ ಅಕ್ಷರದ ತಲೆಯ ಮೇಲಿನ ಗೆರೆ ಅವರಲ್ಲಿ ಸರಿ ಗುರುತಿನ ಹಾಗೆ ಓರೆಯಾಗಿದೆ. ಕ, ತ, ಶ ಥರದ ಕೆಲವು ಮಾತ್ರ ಬೇರೆಯಾಗಿ ಕಾಣುತ್ತವೆ. ಬಸ್ಸಿನ ಬೋರ್ಡು, ಗೊಬ್ಬರದ ಚೀಲ ಓದುತ್ತಾ ಹತ್ತು ದಿನದಲ್ಲಿ ಬರುತ್ತೆ. ಮೊದಲೇ ಕಲಿತರೆ ಒಂದು ತೊಂದರೆ: ಬರವಣಿಗೆಯ ತೆಲುಗು ನಿಮ್ಮ ರೈತರ ತೆಲುಗಲ್ಲ, ಓದಿದ ಹಾಗೇ ಉಚ್ಚರಿಸುವ ಚಾಳಿ ಅಂಟುತ್ತೆ.


ಶೇಂಗಾಲೆಕ್ಕ, ಚಳ್ಳಕೆರೆ

ಎಲ್ಲರಿಗೂ ಧನ್ಯವಾದ. ಎರಡು ವಿಷಯ ಬಾಕಿ. ಅಂಕಿ ಒಂದೊಂದಾಗಿ ಹೇಳಿದರೆ ಗೊತ್ತಾಗುತ್ತೆ, ಗದ್ದಲದಲ್ಲಿ ಓಡಿಸಿ ಹೇಳಿದಾಗ ಇಪ್ಪತ್ತೋ ಅರವತ್ತೋ ತಿಳಿಯಲ್ಲ. ಎರಡನೇದು, ಟಿವಿಯ ತೆಲುಗು ಅಷ್ಟಿಷ್ಟು ಹಿಡಿತಕ್ಕೆ ಬಂದರೂ ರೈತರದು ಬೇರೆ ಭಾಷೆ ಅನ್ನಿಸುತ್ತೆ.


ಗಡಿಸೀಮೆ, ಮೊಳಕಾಲ್ಮೂರು

ಅಂಕಿಯಲ್ಲಿ ಎಡವೋದು ನಾಲ್ಕೈದು ಕಡೆ ಮಾತ್ರ, ಅವನ್ನೇ ಹಿಡಿದು ತಿದ್ದಿ.

20 "ಇರವೈ", 60 "ಅರವೈ". ವ್ಯತ್ಯಾಸ ಮೊದಲ ಸ್ವರದ್ದು ಅಷ್ಟೇ, ಗದ್ದಲ ನುಂಗುವುದೂ ಮೊದಲ ಸ್ವರವನ್ನೇ. 8 "ಎನಿಮಿದಿ", 9 "ತೊಮ್ಮಿದಿ", ಬಾಲ ಒಂದೇ. 80 "ಎನಭೈ", 90 "ತೊಂಭೈ", 40 "ನಲಭೈ", 50 "ಯಾಭೈ". 15 "ಪದಿಹೇನು", 17 "ಪದಿಹೇಡು", ಇಲ್ಲಿ ತಲೆ ಒಂದೇ, ಬಾಲ ಬೇರೆ. 70 "ಡೆಬ್ಬೈ", ಅದು ಯಾವುದರಂತೆಯೂ ಇಲ್ಲ, ಹಾಗಾಗಿ ತಾನಾಗಿ ನಿಲ್ಲುತ್ತೆ.

ನೂರರ ಲೆಕ್ಕದಲ್ಲಿ ಕನ್ನಡದ ಕಿವಿಗೆ ಒಂದು ವಿಶೇಷ ಬಲೆ ಇದೆ. ನೂರು "ವಂದ", ಇನ್ನೂರು ಬರೆಯುವಾಗ "ರೆಂಡು ವಂದಲು". ಬಾಯಲ್ಲಿ ಅದು ಕೂಡಿ "ರೆಂಡೊಂದಲು" ಆಗುತ್ತೆ. "ಮೂಡೊಂದಲು", "ನಾಲುಗೊಂದಲು", "ಐದೊಂದಲು". ನಮಗೆ ಅದರೊಳಗೆ "ಒಂದು" ಕೇಳಿಸಿ ಎರಡೊಂದು, ಮೂರೊಂದು ಅಂತ ಲೆಕ್ಕ ತಪ್ಪುತ್ತೆ. "ಒಂದಲು" ಕೇಳಿಸಿದರೆ ಎರಡು ಸೊನ್ನೆ ಅಂತ ಕಿವಿಗೆ ಕಲಿಸಿ. ಸಾವಿರ "ವೆಯ್ಯಿ", ಬಹುವಚನದಲ್ಲಿ "ವೇಲು". 6,475 ಅಂದರೆ "ಆರು ವೇಲ ನಾಲುಗೊಂದಲ ಡೆಬ್ಬೈ ಐದು". ಒಂದೂವರೆ "ಒಕಟಿನ್ನರ", ಎರಡೂವರೆ "ರೆಂಡುನ್ನರ", ಕಾಲು "ಪಾವು", ಮುಕ್ಕಾಲು "ಮುಪ್ಪಾವು".

ಅಭ್ಯಾಸ ಹೀಗೆ ಮಾಡಿ. ಹಳೆಯ ಚೀಟಿಗಳಿಂದ 30 ಅಂಕಿ ಆರಿಸಿ, ತೆಲುಗಿನವರ ಬಾಯಲ್ಲಿ ಓಡಿಸಿ ಹೇಳಿಸಿ ರೆಕಾರ್ಡ್ ಮಾಡಿ, ಕೇಳುತ್ತಾ ಅಂಕಿಯಲ್ಲೇ ಬರೆಯಿರಿ. 30ಕ್ಕೆ 28 ಬರುವವರೆಗೂ ಅದೇ. ಆಮೇಲೆ ಅದನ್ನೇ ಮಂಡಿಯ ಗದ್ದಲದ ನಡುವೆ ಕೇಳಿ. ತೂಕದ ಹೊತ್ತಿಗೆ ಅನುಮಾನ ಬಂದರೆ ತಲೆ ಆಡಿಸದೆ "ಇರವೈಯಾ, ಅರವೈಯಾ?" ಅಂತ ಎರಡನ್ನೂ ಮುಂದಿಟ್ಟು ಕೇಳಿ, ಕ್ಯಾಲ್ಕುಲೇಟರಲ್ಲಿ ಒತ್ತಿ ತೋರಿಸಿ.

ಎಣಿಕೆಗೆ ಪ್ರಶ್ನೆಗಳೂ ಬೇರೆಬೇರೆ. ಅಳತೆಗೆ "ಎಂತ", ಬಿಡಿ ವಸ್ತುವಿಗೆ "ಎನ್ನಿ", ಜನಕ್ಕೆ "ಎಂತ ಮಂದಿ". "ಎನ್ನಿ ಮೂಟಲು?" ಅಂದರೆ ಎಷ್ಟು ಚೀಲ. ಜನರನ್ನ ಎಣಿಸುವಾಗ ಇಬ್ಬರಿಗೆ "ಇದ್ದರು", ಮೂವರಿಗೆ "ಮುಗ್ಗುರು". "ಇದ್ದರು ವಚ್ಚಾರು" ಅಂದರೆ ಇಬ್ಬರು ಬಂದರು. ಇನ್ನು ದಿನಗಳು: "ನಿನ್ನ" ಅಂದರೆ ನಿನ್ನೆ, ನಿನ್ನದು ಅಂತಲ್ಲ. "ರೇಪು" ನಾಳೆ, "ಎಲ್ಲುಂಡಿ" ನಾಡಿದ್ದು. ದುಡ್ಡು ಯಾವತ್ತು ಅನ್ನೋ ಮಾತಲ್ಲಿ ಈ ಮೂರು ತಪ್ಪಿದರೆ ಜಗಳಕ್ಕೆ ದಾರಿ. ಸರಕಿನ ಮಾತಲ್ಲಿ "ತೇಮ" ಅಂದರೆ ತೇವ, "ತಾಲು" ಅಂದರೆ ಜೊಳ್ಳು, "ತರುಗು" ಅಂದರೆ ತೂಕದಲ್ಲಿ ಕಳೆಯುವ ಪ್ರಮಾಣ. "ತರುಗು ಎಂತ?" ಅಂತ ಅವರು ಕೇಳಿದರೆ ಉತ್ತರ ಸ್ಪಷ್ಟವಾಗಿ ಹೇಳಲು ಕಲಿತಿರಿ, ಆ ಪ್ರಶ್ನೆ ದಿನಾ ಬರುವಂಥದ್ದು.


ಅನಂತದಾರಿ, ಚಿತ್ರದುರ್ಗ

ಟಿವಿ ತೆಲುಗಿನ ವಿಷಯ. ಸುದ್ದಿ, ಸಿನಿಮಾಗಳ ತೆಲುಗಿಗೆ ಹೆಚ್ಚಾಗಿ ಕರಾವಳಿ ಆಂಧ್ರದ ಮಾತೇ ತಳಹದಿ. ನಿಮ್ಮ ಮಂಡಿಗೆ ಬರೋದು ರಾಯಲಸೀಮೆಯ ತೆಲುಗು. ಭಾಷೆ ಬೇರೆಯಲ್ಲ, ದಿನಾ ಬಳಸುವ ಹತ್ತು ಪದ ಬೇರೆ, ಆ ಹತ್ತು ಪದಗಳೇ ನಿಮಿಷಕ್ಕೆ ಮೂವತ್ತು ಸಲ ಬರುತ್ತವೆ.

ಎಲ್ಲಿ ಅನ್ನೋದಕ್ಕೆ ಟಿವಿಯಲ್ಲಿ "ಎಕ್ಕಡ", ಸೀಮೆಯಲ್ಲಿ "ಯಾಡ". ಹಾಗೇ "ಅಕ್ಕಡ" ಬದಲು "ಆಡ", "ಇಕ್ಕಡ" ಬದಲು "ಈಡ". ಹೇಗೆ ಅನ್ನೋದಕ್ಕೆ "ಎಲಾ" ಅಲ್ಲ, "ಎಟ್ಲ". ಬಹಳಕ್ಕೆ "ಚಾನಾ", "ಶಾನಾ". ಇದೆ ಅನ್ನೋದಕ್ಕೆ "ಉಂದಿ" ಬದಲು "ಉಂಡಾದಿ". ಮಾಡ್ತಿದ್ದೀನಿ ಅನ್ನೋದು "ಚೇಸ್ತುನ್ನಾನು" ಅಲ್ಲ, "ಚೇಸ್ತಾಂಡಾ". ಚೆನ್ನಾಗಿದ್ದೀರಾ ಅನ್ನೋದು "ಬಾಗುಂಡಾರಾ". "ಯಾಡಿಕಿ ಪೋತಾಂಡಾವ್?" ಅಂದರೆ ಎಲ್ಲಿಗೆ ಹೋಗ್ತಿದ್ದೀಯ. ನಮ್ಮ ಕಡೆಯ ಬಾಯಿಗೆ ಒಂದು ಅನುಕೂಲವೂ ಇದೆ: ಬೇಡಕ್ಕೆ ಬ್ಯಾಡ, ಮೇಲೆಗೆ ಮ್ಯಾಲೆ ಅನ್ನುವಾಗ ಬರುವ ಆ ಅಗಲ ಸ್ವರ ತೆಲುಗಿನಲ್ಲೂ ಇದೆ. "ಮೇಕ" ಅಂತ ಬರೆದದ್ದನ್ನ ಅವರು "ಮ್ಯಾಕ" ಅಂತಲೇ ಅನ್ನೋದು. ಪುಸ್ತಕದ ಉಚ್ಚಾರಣೆ ಹಿಡಿಯಹೋಗಿ ಇದನ್ನ ಕಳೆದುಕೊಳ್ಳಬೇಡಿ.

ಕೇಳೋದಕ್ಕೆ ಮೊದಲ ಆಯ್ಕೆ ಮೇಲಿನವರು ಹೇಳಿದ ಸ್ವಂತ ಧ್ವನಿಮುದ್ರಣವೇ. ಅದರ ಜೊತೆಗೆ ಆಕಾಶವಾಣಿ ಅನಂತಪುರ ಕೇಂದ್ರದ ಕೃಷಿ ಕಾರ್ಯಕ್ರಮಗಳು ಹೊಂದುತ್ತವೆ, ವಿಷಯ ನಿಮ್ಮದೇ ಆಗಿರುತ್ತೆ, ಮಾತಾಡುವ ರೈತರೂ ಆ ಕಡೆಯವರೇ. ಆಕಾಶವಾಣಿಯ ತೆಲುಗು ಕೇಂದ್ರಗಳು ನ್ಯೂಸ್ ಆನ್ ಏರ್ ಆಪ್‌ನಲ್ಲೂ ಸಿಗುತ್ತವೆ. ವಾರಕ್ಕೊಮ್ಮೆ ಬಿಡುವಿದ್ದರೆ ಚಳ್ಳಕೆರೆಯಿಂದ ಮೊಳಕಾಲ್ಮೂರು ಮೇಲೆ ರಾಯದುರ್ಗಕ್ಕೆ ಹೋಗುವ ರೈಲು ಹತ್ತಿ. ಬೋಗಿಯಲ್ಲಿ ಎರಡೂ ಭಾಷೆ ಬೆರೆತಿರುತ್ತೆ, ರಾಯದುರ್ಗದ ಸಂತೆ ಅಂಗಡಿಗಳಲ್ಲಿ ತೆಲುಗೇ ಮುಂದು. ಅಲ್ಲಿ ಏನಾದರೂ ಕೊಳ್ಳುವ ಕೆಲಸ ಇಟ್ಟುಕೊಂಡೇ ಹೋಗಿ. ಸುಮ್ಮನೆ ಓಡಾಡಿ ಬಂದರೆ ಕಿವಿಗೆ ಬಿದ್ದದ್ದು ಅಲ್ಲೇ ಉದುರಿಹೋಗುತ್ತೆ.

ಸಿನಿಮಾದಿಂದ ಮಾತು ಕಲಿಯುವವರಿಗೆ ಒಂದು ಎಚ್ಚರಿಕೆಯನ್ನ ಒತ್ತಿ ಹೇಳಬೇಕು. ಅಲ್ಲಿ ಗೆಳೆಯರು, ಖಳರು ಪರಸ್ಪರ ಆಡುವ "ನುವ್ವು", "ಏಂಟ್ರಾ", "ರಾರಾ" ಬೇಗ ಬಾಯಿಗೆ ಅಂಟುತ್ತವೆ. ಆ "ರಾ" ನಮ್ಮ "ಲೇ", "ಲೋ" ಇದ್ದ ಹಾಗೆ. ಅರವತ್ತು ದಾಟಿದ ರೈತರಿಗೆ ಅದು ಅಂದರೆ ಸರಕು ಬೇರೆ ಮಂಡಿಗೆ ಹೋಗುತ್ತೆ. ಇದಕ್ಕಿಂತ ಸೂಕ್ಷ್ಮ ಬಲೆ "ನೀವು". ನಮಗೆ ಅದು ಮರ್ಯಾದೆ, ತೆಲುಗಿನಲ್ಲಿ "ನೀವು" ಅಂದರೆ ನೀನು! ಮರ್ಯಾದೆಗೆ "ಮೀರು". ನಿಮಗೆ ಅನ್ನೋದಕ್ಕೆ "ಮೀಕು", "ನೀಕು" ಅಂದರೆ ನಿನಗೆ. ಕನ್ನಡದವರು ಗೌರವ ಕೊಡ್ತಿದ್ದೀವಿ ಅಂದುಕೊಂಡೇ ಏಕವಚನ ಆಡೋದು ಇಲ್ಲೇ. ಕ್ರಿಯಾಪದಕ್ಕೆ "ಅಂಡಿ" ಸೇರಿಸಿ: "ಚೂಡಂಡಿ", "ಕೂರ್ಚೋಂಡಿ", "ರಂಡಿ". ಈ ಕೊನೆಯದು ನಮ್ಮ ಕಿವಿಗೆ ಬೈಗುಳದ ಹಾಗೆ ಕೇಳಿಸೋದರಿಂದ ಬಹಳ ಜನ ಹಿಂಜರಿದು ಬರೀ "ರಾ" ಅಂತಾರೆ, ಅದು ಏಕವಚನ. ಹಿಂಜರಿಯಬೇಡಿ, "ರಂಡಿ" ಅಂದರೆ ಬನ್ನಿ, ಅಷ್ಟೇ.

ಹೆಣ್ಣುಮಕ್ಕಳ ವಿಷಯಕ್ಕೆ ಕಿವಿ ಬೇರೆಯೇ ಒಗ್ಗಬೇಕು. "ಆಮೆ ವಚ್ಚಿಂದಿ" ಅಂದರೆ ಅವಳು ಬಂದಳು. ಅದು ಬಂತು ಅನ್ನೋದಕ್ಕೂ ಅದೇ "ವಚ್ಚಿಂದಿ", ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದ ಒಂದೇ. ಅವರು ಹಾಗೆ ಅಂದಾಗ ಅವಮಾನ ಮಾಡಿದರು ಅಂತ ತಿಳಿಯಬೇಡಿ, ಅದು ಭಾಷೆಯ ಕಟ್ಟು. ನೀವು ಆಡುವಾಗ ಮಾತ್ರ ಬಹುವಚನದ "ವಚ್ಚಾರು" ಬಳಸಿ, ಎಲ್ಲೂ ತಪ್ಪಾಗೋದಿಲ್ಲ.


ಶೇಂಗಾಲೆಕ್ಕ, ಚಳ್ಳಕೆರೆ

"ನೀವು" ವಿಷಯ ಗೊತ್ತೇ ಇರಲಿಲ್ಲ, ಇವತ್ತಿಂದಲೇ "ಮೀರು". ನಾಳೆ ಬೆಳಿಗ್ಗೆ ಮೊದಲ ತುಣುಕು ರೆಕಾರ್ಡ್ ಮಾಡ್ತೀನಿ, ವಿಷಯ ಕಾಯಿ ಒಣಗಿಸೋದು. ಐದನೇ ದಿನ ಎಷ್ಟು ಗೆರೆ ಉಳಿದವು ಅಂತ ಇಲ್ಲೇ ಬರೀತೀನಿ.


ನಿತ್ಯಪಾಠ, ದಾವಣಗೆರೆ

ಐದನೇ ದಿನದ್ದಲ್ಲ, ಮೊದಲ ದಿನ ಎಷ್ಟು ಗೆರೆ ಬಿದ್ದವು ಅಂತ ಎಣಿಸಿ ಬರೆಯಿರಿ. ಪ್ರತಿ ತುಣುಕಿಗೂ ಮೊದಲ ದಿನದ ಲೆಕ್ಕ ಬರೆದಿಟ್ಟರೆ, ಹತ್ತನೇ ತುಣುಕಿನ ಹೊತ್ತಿಗೆ ಕಿವಿ ಎಷ್ಟು ತಿದ್ದಿತು ಅಂತ ಅಂಕಿಯಲ್ಲೇ ಕಾಣುತ್ತೆ.